ಊಟ ಕೇಳಿದ ಡ್ರಿಲ್ ಮೇಷ್ಟ್ರು

ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ನಮ್ಮನೆಯವರು ಡ್ರಿಲ್ ಮೇಷ್ಟ್ರೆಂದೇ ಪರಿಚಿತರು. ನನಗೆ ಮಾತ್ರ ಮೊದಲಿನಿಂದಲೂ ‘ಇವರು’. ಇವರಿಗೆ ಎಲ್ಲವೂ ಸಾಲಾಗಿರಬೇಕು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೂ ಒಂದರ ಪಕ್ಕ ಒಂದು ಅಟೆನ್ಷನ್‌ನಲ್ಲಿ ನಿಂತಿರಬೇಕು. ನಮ್ಮ ಮದುವೆಯ ದಿನ ಫೋಟೋದವನು ಬಂದಾಗ ಇವರು ನೆಂಟರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿದರು. ನಮ್ಮ ದೊಡ್ಡಮ್ಮ ಸ್ವಲ್ಪ ಕುಳ್ಳಿ. ತನ್ನನ್ನು ಮಕ್ಕಳ ಸಾಲಿಗೆ ತಳ್ಳಿದ ಅಳಿಯನನ್ನು ಆಕೆ ಸಾಯುವವರೆಗೂ ಕ್ಷಮಿಸಲಿಲ್ಲ. ಇಂಥವರನ್ನು ಕಟ್ಟಿಕೊಂಡು ಬಾಳಿದ್ದೇನೆ, ಆದ್ದರಿಂದ ಇವರ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಮನೆ ಶಾಲೆಯ ಎದುರಿಗೇ. ನಾನು ಹೊಲಿಗೆಯವಳು. ಮಷೀನು ಕಿಟಕಿಯ ಪಕ್ಕದಲ್ಲಿದೆ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಶಾಲೆಯ ಮೋಟುಗೋಡೆ, ಗೋಡೆಯಾಚೆ ಮೈದಾನ. ಹೀಗಾಗಿ ಇವರ ನೌಕರಿಯ ಬಹುಪಾಲನ್ನು ನಾನು ಸೂಜಿಗೆ ದಾರ ಪೋಣಿಸುತ್ತಲೇ ನೋಡಿದ್ದೇನೆ. ಮೈದಾನ ಎಂದರೆ ದೊಡ್ಡದೇನಲ್ಲ. ಶಾಲೆ ನಿಂತಿರುವುದೇ ಇಳಿಜಾರಿನಲ್ಲಿ, ಸುತ್ತಮುತ್ತ ಒಂದು ಚೆಂಡು ಇಟ್ಟರೆ ನಿಲ್ಲುವಷ್ಟು ಸಮತಟ್ಟು ಜಾಗವಿಲ್ಲ. ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಲ್ಲು ಆರಿಸಿ, ಮಣ್ಣು ಹೊತ್ತು, ಉರುಳೆ ಎಳೆದು ಮಟ್ಟ ಮಾಡಿದ ಜಾಗ ಅದು. ನಡುವೆ ವಾಲಿಬಾಲ್ ಕೋರ್ಟು, ಅದರ ಸುತ್ತ ಓಟದ ಹಾದಿ. ಇಷ್ಟನ್ನೇ ಇವರು ಆಸ್ತಿ ಮಾಡಿದವರಂತೆ ನೋಡಿಕೊಂಡಿದ್ದರು.

ಆ ಕೋರ್ಟಿಗೆ ಗೆರೆ ಹಾಕುವುದೆಂದರೆ ಇವರಿಗೆ ಹುಚ್ಚು. ಬೇರೆ ಶಾಲೆಯ ಮೇಷ್ಟ್ರುಗಳು ಒಣ ಸುಣ್ಣದ ಪುಡಿಯನ್ನು ಹಿಡಿಹಿಡಿಯಾಗಿ ಉದುರಿಸಿ ಕೈ ತೊಳೆದುಕೊಳ್ಳುತ್ತಾರೆ. ಇವರು ಹಾಗಲ್ಲ. ನಾಲ್ಕು ಮೂಲೆಗೆ ಗೂಟ ಹೊಡೆದು, ದಾರ ಬಿಗಿದು, ಮೂಲೆಯಿಂದ ಮೂಲೆಗೆ ಅಳೆದು ನೋಡಿ, ಸುಣ್ಣವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮೂತಿಯಿರುವ ಡಬ್ಬಿಯಿಂದ ಒಂದರ ಮೇಲೊಂದು ಎರಡು ಸಲ ಗೆರೆ ಎಳೆಯುತ್ತಾರೆ. ಸುಣ್ಣ ಮೆತ್ತಿದ ಇವರ ಪ್ಯಾಂಟನ್ನು ಒಗೆಯುವವಳು ನಾನು. ಸುಣ್ಣ ತಿಂದು ನನ್ನ ಬೆರಳ ತುದಿಗಳು ಬಿರಿದು, ಹೊಲಿಯುವಾಗ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತಿತ್ತು. ಒಮ್ಮೆ ರೇಗಿ, “ರೀ, ನಮ್ಮನೆ ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷ ಆಯ್ತು, ನೆನಪಿದೆಯಾ?” ಎಂದೆ.

“ಗೋಡೆ ಮೇಲೆ ಯಾರೂ ಓಡಲ್ಲವಲ್ಲೇ” ಎಂದರು.

ಇವರು ಚಿಕ್ಕಂದಿನಲ್ಲಿ ಹಸಿವು ಕಂಡವರು. ನಮ್ಮತ್ತೆ ಮನೆಮನೆಯ ಪಾತ್ರೆ ತೊಳೆದು ಸಾಕಿದ ಮಗ. ಇವರಿಗೆ ಕಾಲಿತ್ತು, ಉಸಿರಿತ್ತು, ಹೊಟ್ಟೆಗೆ ಮಾತ್ರ ಇರಲಿಲ್ಲ. ದೊಡ್ಡ ಪಂದ್ಯವೊಂದರಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವರು ಕೊನೆಯ ತಿರುವಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರಂತೆ. ಎದ್ದಾಗ ಸುತ್ತ ನಿಂತವರು ನಗುತ್ತಿದ್ದರಂತೆ. “ಬಿದ್ದಿದ್ದಕ್ಕೆ ನನಗೆ ಬೇಜಾರಿಲ್ಲ ಕಣೇ. ಬೆಳಗ್ಗೆ ಏನು ತಿಂದಿದ್ದೆ ಅಂತ ಒಬ್ಬರೂ ಕೇಳಲಿಲ್ಲ” ಎಂದು ಒಮ್ಮೆ ಹೇಳಿದ್ದರು. ಆಮೇಲೆ ಆ ಮಾತು ಎತ್ತಲೇ ಇಲ್ಲ.

ಅದಕ್ಕೇ ಇರಬೇಕು, ಕಡ್ಡಿ ಎಂಬ ಹುಡುಗಿ ಬಿದ್ದ ದಿನ ಇವರ ಮುಖ ಬಿಳಿಚಿಕೊಂಡಿದ್ದು. ಕಡ್ಡಿ ಎಂಬುದು ಮಕ್ಕಳು ಇಟ್ಟ ಹೆಸರು. ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಮಗಳು. ಗಾಳಿ ಬೀಸಿದರೆ ಹಾರಿಹೋಗುತ್ತಾಳೇನೋ ಎನ್ನುವಂತಿದ್ದಳು. ಆದರೆ ಓಡಲು ನಿಂತರೆ ಗಂಡುಮಕ್ಕಳೂ ಅವಳ ಬೆನ್ನು ನೋಡಿಕೊಂಡು ಓಡಬೇಕಿತ್ತು. ಒಂದು ಬೆಳಿಗ್ಗೆ ಓಡುತ್ತಿದ್ದವಳು ನಮ್ಮ ಕಿಟಕಿಯ ನೇರಕ್ಕೇ ಕುಸಿದಳು. ನಾನು ನೀರಿನ ಚೊಂಬು ಹಿಡಿದು ರಸ್ತೆ ದಾಟಿ ಓಡಿದೆ. ಇವರು ಆಗಲೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಬೆಳಗ್ಗೆ ಏನ್ ತಿಂದೆ?” ಇವರು ಕೇಳಿದರು.

“ಟೀ ಕುಡಿದೆ ಸಾರ್.”

“ನಿನ್ನೆ ರಾತ್ರಿ?”

ಅವಳು ಮುಖ ಆ ಕಡೆ ತಿರುಗಿಸಿದಳು. ಇವರು ಎದ್ದು ಹೋಗಿ ತಮ್ಮ ಊಟದ ಡಬ್ಬಿ ತಂದು ಅವಳ ಮುಂದಿಟ್ಟರು. ಅಂದಿನಿಂದ ನಾನು ಎರಡು ಡಬ್ಬಿ ಕಟ್ಟತೊಡಗಿದೆ. ಗೊಣಗಿಕೊಂಡೇ ಕಟ್ಟಿದೆ ಎನ್ನಿ. ನನಗೆ ಗೊಣಗದೆ ಯಾವ ಕೆಲಸವೂ ಬರುವುದಿಲ್ಲ. ಆದರೆ ಒಂದು ತರಗತಿಯಲ್ಲಿ ಒಬ್ಬಳೇ ಕಡ್ಡಿಯೇ? ಅರ್ಧಕ್ಕರ್ಧ ಮಕ್ಕಳು ಬರಿಹೊಟ್ಟೆಯಲ್ಲಿ ಬರುತ್ತಿದ್ದರು. ಉಳಿದವರು ಗೇಟಿನ ಪಕ್ಕದ ಗೂಡಂಗಡಿಯಿಂದ ಎಣ್ಣೆಯಲ್ಲಿ ಕರಿದ, ಬಣ್ಣ ಬಳಿದ ಪೊಟ್ಟಣಗಳನ್ನು ತಿಂದು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಎಷ್ಟು ಮಕ್ಕಳಿಗೆ ನಾನು ಡಬ್ಬಿ ಕಟ್ಟಲಿ?

ಇವರು ಬಿಸಿಯೂಟದ ಬೆನ್ನು ಹತ್ತಿದ್ದು ಆಗ. ಶಾಲೆಯಲ್ಲೇ ಒಂದು ಅಡುಗೆಮನೆಯಾಗಬೇಕು, ಮಕ್ಕಳ ಹೊಟ್ಟೆಗೆ ಮಧ್ಯಾಹ್ನದ ಹೊತ್ತಿಗೆ ಬೇಳೆ, ತರಕಾರಿ, ಮೊಟ್ಟೆ ಬೀಳಬೇಕು ಎಂದು ಶಿಕ್ಷಣ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಶಾಲೆಯ ಉಳಿದ ಮೇಷ್ಟ್ರುಗಳು ನಗುತ್ತಿದ್ದರು. ಲೆಕ್ಕದ ಮೇಷ್ಟ್ರಂತೂ ಇವರು ಕಂಡಾಗಲೆಲ್ಲ, “ಏನ್ ಮೇಷ್ಟ್ರೇ, ಡ್ರಿಲ್ ಬಿಟ್ಟು ಸೌಟು ಹಿಡೀತೀರಾ?” ಎನ್ನುತ್ತಿದ್ದರು. ಇವರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕಚೇರಿಯ ಜವಾನ ಇವರನ್ನು ‘ಊಟದ ಮೇಷ್ಟ್ರು’ ಎಂದು ಕರೆಯತೊಡಗಿದ. ಒಳಗಿನ ಸಾಹೇಬರು ಇವರ ದನಿ ಕೇಳಿದರೆ ಹಿಂಬಾಗಿಲಿನಿಂದ ಹೊರಡುತ್ತಾರೆಂದು ಅವನೇ ಇವರಿಗೆ ಹೇಳಿದ್ದನಂತೆ. ಇವರು ಮಾರನೆಯ ದಿನದಿಂದ ಹಿಂಬಾಗಿಲಲ್ಲೇ ನಿಲ್ಲತೊಡಗಿದರು.

ಕೊನೆಗೊಮ್ಮೆ ಮೇಲಿನಿಂದ ಮಕ್ಕಳ ಆರೋಗ್ಯದ ಹೊಸ ಯೋಜನೆಯೊಂದು ಬಂತು. ಒಳ್ಳೆಯ ಊಟ, ಒಳ್ಳೆಯ ವ್ಯಾಯಾಮ, ಎರಡೂ ಜೊತೆಗೆ. ಅಡುಗೆಮನೆ ಮಂಜೂರಾಯಿತು. ಆ ದಿನ ಇವರು ಮನೆಗೆ ಬಂದವರು ಚಪ್ಪಲಿಯನ್ನು ಎತ್ತಲೋ ಬಿಸಾಕಿ ಒಳಗೆ ಬಂದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಮತ್ತೆ ನೋಡಿಲ್ಲ.

ಅಡುಗೆಮನೆಗೆ ಗೊತ್ತು ಮಾಡಿದ ಜಾಗ ಶಾಲೆಯ ಹಿಂದುಗಡೆ, ಮುರಿದ ಬೆಂಚುಗಳನ್ನು ತುಂಬಿದ್ದ ಹಳೆಯ ಶೆಡ್ಡಿನ ಪಕ್ಕ. ಕಂಟ್ರಾಕ್ಟರ ಬಂದು, ಪಾಯ ತೋಡಬೇಕಾದ ಕಡೆ ಅಲ್ಲಿ ಸುಣ್ಣದ ಪುಡಿಯಲ್ಲಿ ಗುರುತು ಹಾಕಿಸಿ ಹೋದ. ಕಟ್ಟಡದವರೂ ಗುರುತು ಹಾಕುವುದು ಸುಣ್ಣದಲ್ಲೇ. ಅವನ ಆಳು ಒಣ ಪುಡಿಯನ್ನು ಕಾಟಾಚಾರಕ್ಕೆ ಉದುರಿಸಿದ್ದ. ಅದನ್ನು ನೋಡಿ ಬಂದ ಇವರು, “ಅದೇನು ಗೆರೆಯೇ, ಕೋಳಿ ನಡೆದ ಹಾಗಿದೆ” ಎಂದು ನಕ್ಕಿದ್ದರು. ಎರಡು ದಿನ ಬಿಟ್ಟು ಜೋರು ಮಳೆ ಬಂತು. ಆ ಗುರುತೆಲ್ಲ ಕೊಚ್ಚಿಹೋಯಿತು. ಅದನ್ನು ಯಾರೂ ಹೋಗಿ ನೋಡಲಿಲ್ಲ.

ಮುಂದಿನ ವಾರ ನಮ್ಮ ಶಾಲೆಯ ಮೈದಾನದಲ್ಲಿ ಸುತ್ತಲಿನ ಶಾಲೆಗಳ ಪಂದ್ಯ ಇತ್ತು. ಮಳೆ ನಿಂತು ನೆಲ ಆರಿದ ಮೇಲೆ, ಶನಿವಾರ ಸಂಜೆ ಇವರು ಕೋರ್ಟಿಗೆ ಗೆರೆ ಹಾಕಿದರು. ಎಂದಿನಂತೆ ಗೂಟ, ದಾರ, ಎರಡೆರಡು ಸಲ. ಓಟದ ಹಾದಿಗೆ ಸೋಮವಾರ ಬೆಳಿಗ್ಗೆ ಹಾಕುತ್ತೇನೆ ಎಂದು ಬಿಟ್ಟರು. ಭಾನುವಾರ ಬಸ್ಸು ಹತ್ತಿ, ಪಂದ್ಯಕ್ಕೆ ಬೇಕಾದ ಬಲೆ ಮತ್ತು ಚೆಂಡು ತರಲು ಪೇಟೆಗೆ ಹೋದರು.

ಇವರು ಹೋದ ಸ್ವಲ್ಪ ಹೊತ್ತಿಗೆ ಗೇಟಿನೊಳಗೆ ಜೆಸಿಬಿ ನುಗ್ಗಿತು. ಕೊನೆಗೂ ಅಡುಗೆಮನೆಯ ಕೆಲಸ ಶುರುವಾಯಿತು, ಇವರಿಗೆ ಹೇಳಿದರೆ ಖುಷಿಪಡುತ್ತಾರೆ ಎಂದುಕೊಂಡು ನಾನು ಸಾರಿಗೆ ಬೇಳೆ ಇಡಲು ಒಳಗೆ ಹೋದೆ. ಅಡುಗೆ, ಒಗೆತ ಎಲ್ಲ ಮುಗಿಸಿ ಬಂದು ಕಿಟಕಿಯಲ್ಲಿ ನೋಡುತ್ತೇನೆ, ಯಂತ್ರ ಹಿಂದಕ್ಕೆ ಹೋಗಿಲ್ಲ. ಮೈದಾನದ ನಡುವೆ ನಿಂತು, ಇವರು ಎಳೆದ ಬಿಳಿಗೆರೆಯ ಮೇಲೆಯೇ ಹಲ್ಲೂರಿ ಮಣ್ಣು ಎತ್ತುತ್ತಿದೆ. ಬರಿಗಾಲಲ್ಲೇ ಓಡಿದೆ.

“ನಿಲ್ಸೋ! ನಿಲ್ಸೋ ಮಹಾರಾಯ! ಏನ್ ಮಾಡ್ತಿದೀಯ?”

ಚಾಲಕ ಯಂತ್ರ ಆರಿಸಿ ಕೆಳಗೆ ಬಗ್ಗಿ ನೋಡಿದ. “ಪಾಯ ತೋಡ್ತಿದೀನಿ ಅಕ್ಕಾ.”

“ಅಡುಗೆಮನೆ ಹಿಂದುಗಡೆ ಕಣೋ!”

“ಹಿಂದೆ ನೋಡ್ಕೊಂಡೇ ಬಂದೆ ಅಕ್ಕಾ, ಅಲ್ಲಿ ಏನೂ ಇಲ್ಲ. ಸುಣ್ಣ ಹಾಕಿರೋ ಕಡೆ ತೋಡು ಅಂದಿದಾರೆ. ಸುಣ್ಣ ಇಲ್ಲಿದೆ.” ಆಮೇಲೆ ಅವನು ತೋಡಿದ ಕಡೆಗೆ ಕೈ ತೋರಿಸಿ ನಕ್ಕ. “ನಮ್ಮವರು ಇಷ್ಟು ನೀಟಾಗಿ ಯಾವತ್ತೂ ಹಾಕಿದ್ದಿಲ್ಲ. ನೂಲು ಹಿಡಿದಂಗಿದೆ ನೋಡಿ.”

ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನಿಗೆ ಬೈದು ಏನು ಬಂತು, ಪಾಪ, ಅವನು ಹೇಳಿದ್ದನ್ನು ಮಾಡಿದ್ದ. ನಾನು ಹೋಗುವಷ್ಟರಲ್ಲಿ ಮೂರು ಬದಿ ತೋಡಿ ಮುಗಿದಿತ್ತು. ಆಳುದ್ದದ ಕಾಲುವೆಗಳು. ತೆಗೆದ ಮಣ್ಣನ್ನು ಓಟದ ಹಾದಿಯ ಮೇಲೆ ಗುಡ್ಡೆ ಹಾಕಿದ್ದ.

ಸಂಜೆ ಇವರು ಹೆಗಲ ಮೇಲೆ ಬಲೆ ಹೊತ್ತುಕೊಂಡು ಬಸ್ಸಿಳಿದರು. ನಾನು ಗೇಟಿನ ಹತ್ತಿರವೇ ಕಾಯುತ್ತಿದ್ದೆ. ಹೇಗೆ ಹೇಳಲಿ ಎಂದು ತಡವರಿಸುವಷ್ಟರಲ್ಲಿ ಅವರ ಕಣ್ಣು ಆಚೆ ಹೋಗಿತ್ತು. ಒಳಗೆ ನಡೆದು ಹೋಗಿ, ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಲೆಯೊಂದರಲ್ಲಿ ಉಳಿದಿದ್ದ ಬಿಳಿಗೆರೆಯ ತುಂಡನ್ನು ಬೆರಳಿಂದ ಮುಟ್ಟಿ ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಎದ್ದು, ಬಲೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಮನೆಯ ಕಡೆ ನಡೆದುಬಿಟ್ಟರು.

ಮಾರನೆಯ ದಿನ ಹೆಡ್ ಮೇಡಂ ಕೋಣೆಯಲ್ಲಿ ಪಂಚಾಯ್ತಿ. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಕಣ್ಣಾರೆ ಕಂಡವಳು ನಾನು ಎಂದು ಹೇಳಿ ಬಾಗಿಲಲ್ಲಿ ಹೋಗಿ ನಿಂತೆ. ಕಂಟ್ರಾಕ್ಟರ ಕುರ್ಚಿಯ ತುದಿಯಲ್ಲಿ ಕೂತು, ತಪ್ಪು ತನ್ನದೇ ಎಂದು ಮೊದಲೇ ಒಪ್ಪಿಕೊಂಡ. ಒಪ್ಪಿಕೊಂಡ ರೀತಿ ಹೇಗಿತ್ತೆಂದರೆ, ಇನ್ನು ಮುಂದಿನದು ನಿಮಗೆ ಬಿಟ್ಟಿದ್ದು ಎನ್ನುವ ಹಾಗೆ.

“ಮುಚ್ಚಿಸಿ ಕೊಡಿ. ಹಿಂದುಗಡೆ ಕಟ್ಟಿ” ಎಂದರು ಇವರು.

“ಮುಚ್ಚಬಹುದು ಮೇಷ್ಟ್ರೇ. ಆದ್ರೆ ಹಿಂದುಗಡೆ ಮತ್ತೆ ತೋಡೋ ಖರ್ಚಿಗೆ ಸಾಹೇಬ್ರ ಹತ್ರ ಹೋಗ್ಬೇಕು, ಯಾಕೆ ಎರಡು ಸಲ ತೋಡಿದ್ರಿ ಅಂತ ವಿಚಾರಣೆ ಆಗುತ್ತೆ. ಅಷ್ಟರಲ್ಲಿ ಈ ವರ್ಷದ ಮಂಜೂರಾತಿ ಮುಗಿದೋಗುತ್ತೆ. ಮುಂದಿನ ವರ್ಷ ಕೊಟ್ರೆ ಕೊಟ್ರು, ಇಲ್ಲಾಂದ್ರೆ ಇಲ್ಲ.”

“ಹಾಗಂತ ಮೈದಾನದ ನಡುವೆ ಕಟ್ತೀರಾ?” ನಾನು ಬಾಗಿಲಿಂದಲೇ ಕೇಳಿದೆ.

ಹೆಡ್ ಮೇಡಂ ನನ್ನ ಕಡೆ ನೋಡಲಿಲ್ಲ. ಆಕೆ ಕೆಟ್ಟವರಲ್ಲ, ಅದೇ ದೊಡ್ಡ ತೊಂದರೆ. ಮಾತಿಗೆ ಬೆಣ್ಣೆ ಹಚ್ಚುವುದು ಬಲ್ಲವರು. “ಮೇಷ್ಟ್ರೇ, ನಾನೇನೂ ತೀರ್ಮಾನ ಮಾಡಲ್ಲ. ಈ ಊಟ ನೀವು ತಂದಿದ್ದು. ನೀವು ನಿಲ್ಲಿಸಿ ಅಂದ್ರೆ ಈಗಲೇ ನಿಲ್ಲಿಸ್ತೀನಿ. ಕಟ್ಟಿ ಅಂದ್ರೆ ಕಟ್ಟಿಸ್ತೀನಿ. ಇಲ್ಲಿ ಜಾಗ ದೊಡ್ಡದು, ಅಡುಗೆಮನೆ ಜೊತೆ ಮಕ್ಕಳು ಕೂತು ಉಣ್ಣೋಕೆ ಒಂದು ಹಾಲೂ ಆಗುತ್ತೆ. ಆಟಕ್ಕೇನು, ಎಲ್ಲಾದ್ರೂ ಆಡಿಸಬಹುದು. ಅಡುಗೆ ಎಲ್ಲೆಂದರಲ್ಲಿ ಮಾಡೋಕಾಗುತ್ತಾ? ನೀವೇ ಹೇಳಿ.”

ನನ್ನ ಮೈಯೆಲ್ಲ ಉರಿದುಹೋಯಿತು. ತೋಡಿದವನು ಒಬ್ಬ, ತೋಡಿಸಿದವನು ಇನ್ನೊಬ್ಬ, ಮಳೆ ಬಂದ ಮೇಲೆ ಗುರುತು ಉಳಿದಿದೆಯೇ ಎಂದು ನೋಡದವರು ಮತ್ತೊಬ್ಬರು. ತೀರ್ಮಾನ ಮಾತ್ರ ಇವರದು! ಕಾಲುವೆ ಮುಚ್ಚಿಸಿದರೆ ಮಕ್ಕಳ ಬಾಯಿಂದ ಅನ್ನ ಕಿತ್ತುಕೊಂಡವರು ಇವರು. ಮುಚ್ಚಿಸದಿದ್ದರೆ ತಾವು ಮಟ್ಟ ಮಾಡಿದ ನೆಲವನ್ನು ತಾವೇ ಕೊಟ್ಟವರು ಇವರು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೊರಗೆ ಮಕ್ಕಳು ಕಾಲುವೆಯ ಸುತ್ತ ನಿಂತು ಇಣುಕುತ್ತಿದ್ದರು. ಪಂದ್ಯ ರದ್ದಾಗಿತ್ತು. ಇವರು ಕಿಟಕಿಯಿಂದ ಆ ಮಕ್ಕಳನ್ನೇ ನೋಡುತ್ತಿದ್ದರು. ಬೇಡ ಎನ್ನಿ, ಬೇಡ ಎನ್ನಿ ಎಂದು ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ.

“ಕಟ್ಟಿ” ಎಂದರು.

ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. “ಒಂದು ವರ್ಷ ಕಾದಿದ್ರೆ ಗಂಟೇನು ಹೋಗ್ತಿತ್ತು?” ಎಂದೆ.

“ಒಂದು ವರ್ಷ ಯಾರು ಕಾಯಬೇಕು? ನೀನಾ, ನಾನಾ? ನಾವು ಮನೆಗೆ ಹೋಗಿ ಉಣ್ತೀವಿ” ಎಂದರು. ಆ ಮಾತು ಸರಿಯಿದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಕಟ್ಟಡ ಎದ್ದಿತು. ಆರಂಭದ ದಿನ ದೊಡ್ಡ ಸಾಹೇಬರು ಬಂದು, ಊಟ ಒಂದು ಕಾಲಾದರೆ ಆಟ ಇನ್ನೊಂದು ಕಾಲು, ಎರಡೂ ಇದ್ದರೇ ಮಗು ಮುಂದೆ ನಡೆಯುವುದು ಎಂದು ಭಾಷಣ ಬಿಗಿದರು. ಚಪ್ಪಾಳೆಯೋ ಚಪ್ಪಾಳೆ. ಇವರನ್ನು ವೇದಿಕೆಗೆ ಕರೆದು, ಈ ಅಡುಗೆಮನೆ ಇವರ ಕನಸು ಎಂದು ಕೈ ಕುಲುಕಿದರು. ಹಾಲಿನ ಹೊರಗೋಡೆಯ ಮೇಲೆ ಕಂಟ್ರಾಕ್ಟರ ತನ್ನ ಕೈಯಿಂದ ದುಡ್ಡು ಹಾಕಿ ಒಂದು ಚಿತ್ರ ಬರೆಸಿದ್ದ. ಕೆಂಪು ಚಡ್ಡಿ ಹಾಕಿಕೊಂಡ ಮಕ್ಕಳು ಸಾಲಾಗಿ ಓಡುತ್ತಿರುವ ಚಿತ್ರ. ಗೋಡೆಯ ಮೇಲೆ ಯಾರೂ ಓಡುವುದಿಲ್ಲ ಎಂದಿದ್ದರಲ್ಲ ಇವರು, ಈಗ ಓಡುವವರು ಅಲ್ಲಿ ಮಾತ್ರ ಇದ್ದರು. ಅದನ್ನು ಹೇಳಿ ಚುಚ್ಚಬೇಕೆಂದುಕೊಂಡೆ. ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಊಟ ಚೆನ್ನಾಗಿತ್ತು. ಇದನ್ನು ಹೇಳದಿದ್ದರೆ ನನ್ನ ನಾಲಿಗೆ ಸುಳ್ಳಾಡಿದಂತೆ. ಅಡುಗೆಯಾಕೆ ಕೈ ಬಿಗಿಹಿಡಿಯುವವಳಲ್ಲ. ಗಟ್ಟಿ ಬೇಳೆ, ಹಸಿರು ತರಕಾರಿ, ಬೇಯಿಸಿದ ಮೊಟ್ಟೆ, ಒಂದೊಂದು ಹಣ್ಣು. ಕೆಲವೇ ತಿಂಗಳಲ್ಲಿ ಮಕ್ಕಳ ಕೆನ್ನೆ ತುಂಬಿಕೊಂಡಿತು. ಗೂಡಂಗಡಿಯವನು ಪೊಟ್ಟಣಗಳನ್ನು ತೆಗೆದು ಪೆನ್ಸಿಲು ಮಾರತೊಡಗಿದ. ಕಡ್ಡಿಗೆ ಆ ಹೆಸರು ಒಪ್ಪದಂತಾಯಿತು. ಭುಜ ಬಂತು, ಮೀನಖಂಡ ಬಂತು, ಒಂದು ಗತ್ತು ಬಂತು. ನಾನು ಹೊಲಿದುಕೊಟ್ಟ ಚಡ್ಡಿ ಬಿಗಿಯಾಯಿತೆಂದು ಒಂದು ದಿನ ಮನೆಗೆ ಬಂದವಳು ನಗುತ್ತಾ ನಿಂತಳು. “ಆಂಟಿ, ಈಗ ಓಡಿದ್ರೆ ಎದೆ ಹೊಡ್ಕೊಳಲ್ಲ. ಸಾರ್ ಹೇಳಿದಾರೆ, ಜಿಲ್ಲಾ ಮಟ್ಟದ ಓಟಕ್ಕೆ ನನ್ನ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ಗೆದ್ರೆ ಹಾಸ್ಟೆಲ್ ಇರೋ ಕ್ರೀಡಾ ಶಾಲೆಗೆ ಸೇರಿಸ್ಕೋತಾರಂತೆ.”

ಓಡುವ ಕಾಲು ಬಂದಿತ್ತು, ಓಡುವ ನೆಲ ಇರಲಿಲ್ಲ. ಕಟ್ಟಡದ ಸುತ್ತ ಉಳಿದದ್ದು ಒಂದು ಓಣಿಯಷ್ಟು ಜಾಗ. ಒಂದು ಬದಿಗೆ ನೀರಿನ ಟ್ಯಾಂಕು, ಇನ್ನೊಂದು ಬದಿಗೆ ಗ್ಯಾಸ್ ಸಿಲಿಂಡರುಗಳ ಜಾಲರಿ, ಮುಂದುಗಡೆ ತರಕಾರಿ ಇಳಿಸುವ ಗಾಡಿ. ರಸ್ತೆಯಲ್ಲಿ ಓಡಿಸೋಣವೆಂದರೆ ಲಾರಿಗಳ ಭರಾಟೆ. ಇವರು ಬಿಡಬೇಕಲ್ಲ? ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಕಡ್ಡಿಯನ್ನು ಆ ಓಣಿಯಲ್ಲೇ ಕಟ್ಟಡದ ಸುತ್ತ ಓಡಿಸತೊಡಗಿದರು. ನಾನು ಮಷೀನಿನ ಮುಂದೆ ಕೂತು ನೋಡುತ್ತಿದ್ದೆ. ಅವಳು ಗೋಡೆಯ ಮರೆಗೆ ಹೋಗುವಳು, ಮತ್ತೆ ಈ ಕಡೆಯಿಂದ ಬರುವಳು. ಮೂಲೆಯಲ್ಲಿ ಪ್ರತಿ ಸಲ ವೇಗ ತಗ್ಗಿಸಬೇಕು. ನನ್ನ ಜೀವ ಕೈಯಲ್ಲಿರುತ್ತಿತ್ತು.

ಒಂದು ಬೆಳಿಗ್ಗೆ ಅಡುಗೆಯವರು ಬೇಗ ಬಂದು ಸೊಪ್ಪು ತೊಳೆದು ನೀರನ್ನು ಓಣಿಗೆ ಚೆಲ್ಲಿದ್ದರು. ಕಡ್ಡಿ ಗೋಡೆಯ ಮರೆಗೆ ಹೋದಳು. ಈ ಕಡೆಯಿಂದ ಬರಲಿಲ್ಲ. ಇವರು ಓಡಿದ್ದನ್ನು ಕಂಡೆ. ಸ್ವಲ್ಪ ಹೊತ್ತಿಗೆ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಗೆ ಬಂದರು. ಮೂಲೆಯಲ್ಲಿ ಜಾರಿ ಮೊಣಕಾಲನ್ನು ಸಿಮೆಂಟಿನ ಕಟ್ಟೆಗೆ ಅಪ್ಪಳಿಸಿಕೊಂಡಿದ್ದಳು. ಮಾರುಕಟ್ಟೆಯಿಂದ ಓಡಿಬಂದ ಅವಳ ಅಪ್ಪ ಆಸ್ಪತ್ರೆಯ ಬಾಗಿಲಲ್ಲಿ ಇವರ ಮುಂದೆ ನಿಂತು, “ಬಿಡಿ ಸಾರ್, ಹೊಟ್ಟೆ ತುಂಬ ಊಟ ಸಿಗ್ತಿದೆಯಲ್ಲ, ಅಷ್ಟು ಸಾಕು. ಓಟಗೀಟ ನಮ್ಮಂಥವರಿಗಲ್ಲ” ಎಂದ. ಒಂದೇ ಒಂದು ಕೆಟ್ಟ ಮಾತಾಡಲಿಲ್ಲ. ಅವನು ಇವರ ಕೊರಳಪಟ್ಟಿ ಹಿಡಿದಿದ್ದರೂ ಇಷ್ಟು ನೋಯುತ್ತಿರಲಿಲ್ಲವೆಂದು ಆಮೇಲೆ ಇವರೇ ಹೇಳಿದರು.

ಕಾಲು ಕೂಡಿಕೊಂಡಿತು. ಜಿಲ್ಲಾ ಮಟ್ಟದ ಓಟ ಅಷ್ಟರಲ್ಲಿ ಮುಗಿದುಹೋಗಿತ್ತು. ಹೆಡ್ ಮೇಡಂ ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಆವರಣದೊಳಗೆ ಓಡುವುದನ್ನೇ ನಿಲ್ಲಿಸಿದರು. ವ್ಯಾಯಾಮವಿಲ್ಲದಿದ್ದರೆ ಯೋಜನೆಗೆ ಕುಂದು ಬರುತ್ತದಲ್ಲ, ಅದಕ್ಕೆ ಮಕ್ಕಳು ಬೆಂಚಿನ ಪಕ್ಕ ನಿಂತು ಕೈ ಮೇಲೆ, ಕೈ ಕೆಳಗೆ ಮಾಡಬೇಕೆಂದಾಯಿತು. ಪಕ್ಕದವನ ಮೂಗಿಗೆ ಮೊಣಕೈ ತಾಗದಂತೆ ಕೈ ಎತ್ತುವುದೇ ಅಲ್ಲಿನ ದೊಡ್ಡ ಕಸರತ್ತು. ತಪಾಸಣೆಗೆ ಬಂದವರು ನೋಡಿ ಮೆಚ್ಚಿದರು. ಆ ವರ್ಷ ಆರೋಗ್ಯವಂತ ಶಾಲೆ ಎಂಬ ಬಹುಮಾನವೂ ಬಂತು. ಉಂಡು ಕೂತು, ಕೂತು ಉಂಡು, ಮಧ್ಯಾಹ್ನದ ಪಾಠಕ್ಕೆ ಅರ್ಧ ತರಗತಿ ತೂಕಡಿಸುತ್ತದೆ ಎಂದು ಲೆಕ್ಕದ ಮೇಷ್ಟ್ರೇ ಗೊಣಗತೊಡಗಿದರು.

ಗಾಯದ ಮೇಲೆ ಬರೆ ಎಳೆದದ್ದು ಆಮೇಲೆ. ಕಚೇರಿಯಿಂದ ಬಂದ ಒಬ್ಬ ಸಾಹೇಬ, ಈ ಶಾಲೆಗೆ ಮೈದಾನವೇ ಇಲ್ಲ, ಮೈದಾನವಿಲ್ಲದ ಶಾಲೆಗೆ ಡ್ರಿಲ್ ಮೇಷ್ಟ್ರ ಹುದ್ದೆ ಯಾಕೆ ಎಂದು ಕೇಳಿದ. ಕೇಳಿದ್ದು ನ್ಯಾಯವಾಗಿಯೇ ಇತ್ತು, ಎಲ್ಲವೂ ನ್ಯಾಯವಾಗಿಯೇ ಇತ್ತು. ಹುದ್ದೆ ಹೋಯಿತು. ಇವರ ಮುಂದೆ ಎರಡು ದಾರಿ ಇಟ್ಟರು. ಊರಾಚೆಯ, ಮೈದಾನವಿರುವ ಶಾಲೆಗೆ ಹೋಗಬಹುದು. ಇಲ್ಲವೇ ಇದೇ ಶಾಲೆಯಲ್ಲಿ ಊಟದ ಮೇಲ್ವಿಚಾರಕರಾಗಿ ಉಳಿಯಬಹುದು.

ನಾನು ಅವತ್ತು ಕಾಡಿ ಬೇಡಿದೆ. “ಹೋಗೋಣ ರೀ. ಅಲ್ಲಿ ಮಕ್ಕಳಿಲ್ವಾ? ಅವರೂ ಓಡೋ ಮಕ್ಕಳೇ. ನಾನು ಮಷೀನು ಹೊತ್ಕೊಂಡು ಬರ್ತೀನಿ. ಈ ಕಿಟಕಿ ಮುಂದೆ ಕೂತು ಆ ಗೋಡೆ ನೋಡೋಕೆ ನನ್ನ ಕೈಲಾಗಲ್ಲ.”

ಇವರು ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂತಿದ್ದರು. ಕಲಸಿದ್ದನ್ನೇ ಕಲಸುತ್ತಿದ್ದರು. “ನಾನು ಕೇಳಿದ ಊಟ ಕಣೇ ಅದು. ನಾನು ಕಣ್ಣು ತೆಗೆದ್ರೆ ಮೊಟ್ಟೆ ನಿಲ್ಲುತ್ತೆ, ಬೇಳೆ ನೀರಾಗುತ್ತೆ. ಆಮೇಲೆ ಮೈದಾನವೂ ಹೋಯ್ತು, ಊಟವೂ ಹೋಯ್ತು ಅಂತಾಗುತ್ತೆ. ಹಾಗಾದ್ರೆ ಯಾತಕ್ಕೆ ಕೊಟ್ಟೆ ನಾನು?”

“ಹಾಗಾದ್ರೆ ಇಲ್ಲೇ ಇದ್ದು ಸೌಟು ಎಣಿಸ್ತೀರಾ?”

“ಎಣಿಸ್ತೀನಿ” ಎಂದರು.

ಹೀಗೆ ಇವರು ಊಟದ ಹಾಲಿನ ಮೇಲ್ವಿಚಾರಕರಾದರು. ಮೊಂಡರು ಎಂದು ನಾನು ವಾರಗಟ್ಟಲೆ ಮಾತು ಬಿಟ್ಟೆ. ಇವರ ಪ್ಯಾಂಟಿನಲ್ಲಿ ಈಗ ಬೇಳೆಯ ಕಲೆ, ಒಗ್ಗರಣೆಯ ವಾಸನೆ. ಒಗೆಯುವುದು ಸುಲಭವಾಯಿತು, ನನ್ನ ಬೆರಳ ಬಿರುಕು ಮಾಯಿತು. ಒಗೆಯುವ ಕಲ್ಲಿನ ಮುಂದೆ ಕೂತು ನಾನು ಅತ್ತದ್ದು ಇವರಿಗೆ ಗೊತ್ತಿಲ್ಲ. ಅಷ್ಟು ವರ್ಷ ಬೈದುಕೊಂಡು ಒಗೆದ ಸುಣ್ಣಕ್ಕಾಗಿ ಅತ್ತೆನೆಂದರೆ ಯಾರಾದರೂ ನಕ್ಕಾರು.

ಕಳೆದ ವಾರ ಇವರು ಕನ್ನಡಕ ಮರೆತು ಹೋಗಿದ್ದರು. ಕೊಟ್ಟು ಬರೋಣವೆಂದು ಊಟದ ಹೊತ್ತಿಗೆ ನಾನು ಮೊದಲ ಬಾರಿಗೆ ಆ ಹಾಲಿನ ಬಾಗಿಲಿಗೆ ಹೋದೆ. ಒಳಗೆ ಉದ್ದುದ್ದ ಮೇಜುಗಳು, ತಟ್ಟೆಗಳ ಸದ್ದು, ಬಿಸಿ ಅನ್ನದ ಹಬೆ. ನೆಲಕ್ಕೆ ನುಣುಪಾದ ಹಾಸುಗಲ್ಲು ಹಾಕಿದ್ದಾರೆ. ಒಂದು ಕಾಲಕ್ಕೆ ಇವರು ಬಲೆ ಕಟ್ಟುತ್ತಿದ್ದ ಜಾಗ ಎಲ್ಲಿರಬಹುದೆಂದು ಅಂದಾಜು ಮಾಡಿ ನೋಡಿದೆ. ಇವರು ಅಲ್ಲೇ ನಿಂತಿದ್ದರು, ಬೆನ್ನು ಇನ್ನೂ ನೆಟ್ಟಗೆ.

ಆ ತುದಿಯಲ್ಲಿ ಕಡ್ಡಿ ಉಂಡು ಎದ್ದಳು. ತಟ್ಟೆ ತೊಳೆದಿಟ್ಟಳು. ಮೇಜುಗಳ ನಡುವೆ ಬಾಗಿಲವರೆಗೆ ಉದ್ದಕ್ಕೆ ಜಾಗ ಖಾಲಿಯಿತ್ತು. ಅವಳು ಒಂದು ಕ್ಷಣ ಅದನ್ನು ನೋಡಿದಳು. ನಾನೂ ಅವಳನ್ನೇ ನೋಡುತ್ತಿದ್ದೆ. ಮರುಕ್ಷಣವೇ ಅವಳು ಓಡತೊಡಗಿದಳು. ತುಂಬಿದ ಹೊಟ್ಟೆ, ವಾಸಿಯಾದ ಕಾಲು, ಬಲಿತ ತೊಡೆ. ಅಂಥ ಓಟವನ್ನು ನಾನು ಆ ಮಗುವಿನಲ್ಲಿ ಹಿಂದೆಂದೂ ಕಂಡಿರಲಿಲ್ಲ. ತಿನ್ನುತ್ತಿದ್ದ ಮಕ್ಕಳ ಕೈ ಬಾಯಿಯ ಹತ್ತಿರವೇ ನಿಂತಿತು.

“ಓಡಬೇಡ!”

ಹಾಲಿಗೆ ಹಾಲೇ ನಡುಗಿತು. ಇವರ ದನಿ ಅಷ್ಟು ಒರಟಾಗಿದ್ದನ್ನು ನಾನು ಮನೆಯಲ್ಲೂ ಕೇಳಿಲ್ಲ. “ಏಯ್, ಓಡಬೇಡ ಅಂದೆ! ನಡಿ! ಮೆಲ್ಲಗೆ ನಡಿ!”

ಅವಳು ತಕ್ಷಣ ನಿಂತಳು. ಇವರ ಮಾತನ್ನು ಅವಳು ಎಂದೂ ಮೀರಿದವಳಲ್ಲ. ತಲೆ ತಗ್ಗಿಸಿ, ಕೈ ಕಟ್ಟಿಕೊಂಡು, ಉಳಿದ ಜಾಗವನ್ನು ಮೆಲ್ಲಗೆ ನಡೆದು ನನ್ನ ಪಕ್ಕದಲ್ಲೇ ಹೊರಗೆ ಹೋದಳು.